ಹೊಗೆಯಿಲ್ಲದ ಮನೆಗೆ ಪಾಲಿಲ್ಲ

ನನ್ನ ವಾರಗಿತ್ತಿಯ ಫೋಟೋ ಕ್ಯಾಲೆಂಡರಿನಲ್ಲಿ ಬಂದ ವರ್ಷ ನಾನು ಡೈರಿಗೆ ಹಾಲು ಹಾಕಲು ಹೋಗುವುದನ್ನು ಬಿಟ್ಟೆ. ಮಂಡಿನೋವು ಎಂದು ಎಲ್ಲರಿಗೂ ಹೇಳಿದೆ. ನನ್ನ ಗಂಡ ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ತಾನೇ ಹೊರಡತೊಡಗಿದ. ಮಂಡಿಗೆ ಏನೂ ಆಗಿರಲಿಲ್ಲ. ಡೈರಿಯಲ್ಲಿ ಹಾಲು ಅಳೆಯುವ ಮೇಜಿನ ಹಿಂದಿನ ಗೋಡೆಗೆ ಆ ಕ್ಯಾಲೆಂಡರ್ ತೂಗುಹಾಕಿದ್ದರು. ಅದರಲ್ಲಿ ನನ್ನ ವಾರಗಿತ್ತಿ ಹೊಳೆಯುವ ಸ್ಟೀಲಿನ ಒಲೆಯೊಂದರ ಮುಂದೆ ಕುಕ್ಕುರುಗಾಲಲ್ಲಿ ಕೂತು ನಗುತ್ತಿದ್ದಳು, ಕೈಯಲ್ಲಿ ಊದುಗೊಳವೆ. ಆ ಒಲೆಗೆ ಊದುಗೊಳವೆ ಬೇಕಾಗುವುದೇ ಇಲ್ಲ. ಫೋಟೋ ತೆಗೆದವರು ಚೆನ್ನಾಗಿ ಕಾಣುತ್ತದೆಂದು ಹಿಡಿಸಿದ್ದರು. ಸಾಲಿನಲ್ಲಿ ನಿಂತಷ್ಟು ಹೊತ್ತೂ ಆ ನಗು ನೋಡುತ್ತಿರಬೇಕು. ಅಕ್ಕಪಕ್ಕದವರು ಬೇರೆ, "ನಿಮ್ಮಕ್ಕ ಎಷ್ಟು ಸಂದಾಕವ್ಳೆ ನೋಡಮ್ಮ" ಅನ್ನುತ್ತಿದ್ದರು. ಅದು ನನ್ನಿಂದ ಆಗಲಿಲ್ಲ.

ವಾರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಕರೆಯುವುದು ಅಕ್ಕ ಎಂದೇ. ಮದ್ದೂರು ಕಡೆಯ ಕೊಪ್ಪದಲ್ಲಿ ನಮ್ಮ ಎರಡು ಮನೆಗಳೂ ಮೊದಲು ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ದೊಡ್ಡ ಅಡುಗೆಮನೆಯ ನಡುವೆ ಗೋಡೆ ಎಬ್ಬಿಸಿದರು. ಗೋಡೆ ಸೂರಿನವರೆಗೆ ಹೋಗಲಿಲ್ಲ, ಮೇಲೆ ಒಂದು ಮೊಳದಷ್ಟು ಸಂದಿ ಉಳಿಯಿತು. ಅವಳ ಮನೆಯ ಒಗ್ಗರಣೆ, ಕೆಮ್ಮು, ಫೋನಿನ ಮಾತು ಎಲ್ಲವೂ ಆ ಸಂದಿಯಿಂದ ಇಳಿದು ನನ್ನ ಅಡುಗೆಮನೆಗೆ ಬರುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಹೊಗೆ ಬರುತ್ತಿತ್ತು.

ಅವಳದು ಮೂರು ಕಲ್ಲಿನ ಒಲೆ. ಗ್ಯಾಸು ನಮ್ಮೂರಲ್ಲಿ ಎಲ್ಲರ ಮನೆಗೂ ಬಂದಿದೆ, ಆದರೆ ಅದು ಕಾಫಿಗೆ, ನೆಂಟರು ಬಂದರೆ ಉಪ್ಪಿಟ್ಟಿಗೆ. ಮುದ್ದೆ ಬೇಯುವುದು, ಸ್ನಾನದ ನೀರು ಕಾಯುವುದು, ಹಸುವಿಗೆ ಹುರುಳಿ ಬೇಯುವುದು ಸೌದೆಯಲ್ಲೇ. ತೆಂಗಿನ ಗರಿ, ಮಟ್ಟೆ, ಸೊಪ್ಪು ಬಿಡಿಸಿ ಉಳಿದ ರೇಷ್ಮೆಕಡ್ಡಿ ಹಿತ್ತಿಲಲ್ಲಿ ಬಿದ್ದಿರುವಾಗ ಸಿಲಿಂಡರು ಯಾರು ಖಾಲಿ ಮಾಡುತ್ತಾರೆ.

ನನ್ನ ಒಲೆ ಮಾತ್ರ ಬೇರೆ ಥರದ್ದು. ಕೆರಗೋಡಿನ ನನ್ನ ತವರಿನಲ್ಲಿ ಅವ್ವ ಮಣ್ಣಿನಲ್ಲಿ ಚಿಮಣಿ ಒಲೆ ಕಟ್ಟುತ್ತಿದ್ದಳು. ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ ಕಲಸಿ ಮೂರು ದಿನ ಕೊಳೆಹಾಕಿ, ತುಳಿದು, ಎರಡು ಬಾಯಿಯ ಒಲೆ ಹೂಡುವುದು. ಮುಂದಿನ ಬಾಯಲ್ಲಿ ಮುದ್ದೆ, ಹಿಂದಿನ ಬಾಯಲ್ಲಿ ಸಾರು. ಉಳಿದ ಹೊಗೆ ಸಿಮೆಂಟು ಕೊಳವೆ ಹತ್ತಿ ಸೂರಿನಾಚೆಗೆ. ಅರ್ಧ ಸೌದೆಯಲ್ಲಿ ಇಡೀ ಅಡುಗೆ ಮುಗಿಯುತ್ತಿತ್ತು. ನಾನು ಮಂಡ್ಯದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಮದುವೆಯಾಗಿ ಬಂದವಳು, ತವರಿನಿಂದ ತಂದ ಒಂದೇ ವಿದ್ಯೆ ಎಂದರೆ ಅದು. ಪಾಲಾದ ವರ್ಷವೇ ನನ್ನ ಪಾಲಿಗೆ ಬಂದ ಅರ್ಧ ಅಡುಗೆಮನೆಯಲ್ಲಿ ನನ್ನ ಕೈಯಾರೆ ಅಂಥ ಒಲೆ ಕಟ್ಟಿದೆ. ಅತ್ತೆ ಜಗಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಹೇಳಿದರು: "ನಮ್ ಚಿಕ್ಸೊಸೆ ಒಲೆಗೆ ಚಿಮ್ಣಿ ಕಟ್ಟವ್ಳೆ. ಸಕ್ರೆ ಪ್ಯಾಕ್ಟ್ರಿ ಮಾಡ್ತಾಳಂತೆ."

ಬರಬರುತ್ತಾ ಅತ್ತೆಯೇ ಕಣ್ಣುರಿ ಇಲ್ಲವೆಂದು ನನ್ನ ಒಲೆಯ ಪಕ್ಕದಲ್ಲಿ ಬಂದು ಕೂರತೊಡಗಿದರು. ಬೀದಿಯ ಹೆಂಗಸರು ಬಂದು ನೋಡಿಕೊಂಡು ಹೋದರು. ನಾಲ್ಕಾರು ಮನೆಗಳಲ್ಲಿ ನಾನೇ ಹೋಗಿ ಕಟ್ಟಿಕೊಟ್ಟೆ. ಅಕ್ಕನಿಗೂ ಕಟ್ಟಿಕೊಡುತ್ತೇನೆಂದು ಎಷ್ಟೋ ಸಲ ಹೇಳಿದ್ದೆ.

"ಬುಡಮ್ಮ, ನಂಗೆ ಮೂರು ಕಲ್ಲೇ ಸಾಕು" ಎನ್ನುತ್ತಿದ್ದಳು. "ಒಗೆ ಇದ್ರೆ ಸೊಳ್ಳೆ ಬರಾಕಿಲ್ಲ. ನಿಮ್ಮಟ್ಟೀಲಿ ನೋಡು, ಸೊಳ್ಳೆ ಗುಂಯ್ ಅಂತವೆ."

ನನಗೆ ಬೇಜಾರಾಗುತ್ತಿದ್ದುದು ಅವಳು ಬೇಡವೆಂದದ್ದಕ್ಕಲ್ಲ. ಬೇಡವೆಂದ ಮೇಲೂ ಅವಳ ಹೊಗೆಯನ್ನು ನಾನು ಕುಡಿಯಬೇಕಾಗಿತ್ತಲ್ಲ, ಅದಕ್ಕೆ.

ಹೀಗಿರುವಾಗ ಊರಿಗೆ ಒಲೆ ಕಂಪನಿಯವರು ಬಂದರು. ಮಂಡ್ಯದ ಗುತ್ತಲಿನ ಒಬ್ಬ ಹುಡುಗಿ ಸ್ಕೂಟರಿನಲ್ಲಿ ಬಂದು ಮನೆಮನೆ ಸುತ್ತಿ, ಫೋನಿನಲ್ಲಿ ಏನೇನೋ ಒತ್ತಿಕೊಳ್ಳುತ್ತಿದ್ದಳು. ಕಡಿಮೆ ಸೌದೆ ತಿನ್ನುವ ಹೊಸ ಒಲೆಯನ್ನು ಪುಕ್ಕಟೆ ಕೊಡುತ್ತಾರಂತೆ, ಆಮೇಲೆ ವರ್ಷ ವರ್ಷ ಸ್ವಲ್ಪ ದುಡ್ಡೂ ಬರುತ್ತದಂತೆ ಎಂದು ಸುದ್ದಿಯಾಗಿತ್ತು. ಅವಳು ನಮ್ಮ ಬೀದಿಯಲ್ಲಿ ಮೊದಲು ಬಂದದ್ದು ನನ್ನ ಮನೆಗೇ. ಕಾಫಿ ಕೊಟ್ಟೆ. ಅಡುಗೆಮನೆಗೆ ಕರೆದುಕೊಂಡು ಹೋಗಿ ಒಲೆ ಹಚ್ಚಿ ತೋರಿಸಿದೆ. ಒಳಗೊಳಗೆ ನನಗೆ ಹೆಮ್ಮೆ. ಸೌದೆ ಉಳಿಸುವವರಿಗೆ ದುಡ್ಡು ಎಂದಾದರೆ ಈ ಊರಲ್ಲಿ ಮೊದಲ ಹೆಸರು ನನ್ನದಾಗಬೇಕಲ್ಲವೇ ಎಂದುಕೊಂಡೆ. ಅವಳು ಗೋಡೆ ನೋಡಿದಳು, ಸೂರು ನೋಡಿದಳು. ಎಲ್ಲೂ ಮಸಿ ಇರಲಿಲ್ಲ.

"ತುಂಬಾ ಚೆನ್ನಾಗಿದೆ ಆಂಟಿ" ಎಂದಳು. "ಆದರೆ ನಿಮ್ಮ ಮನೆ ಇದಕ್ಕೆ ಬರಲ್ಲ."

"ಯಾಕೆ?"

"ಈಗ ಎಷ್ಟು ಹೊಗೆ ಆಗ್ತಿದೆ, ನಮ್ಮ ಒಲೆ ಕೊಟ್ಟ ಮೇಲೆ ಎಷ್ಟು ಕಮ್ಮಿಯಾಯ್ತು, ಆ ವ್ಯತ್ಯಾಸಕ್ಕೆ ದುಡ್ಡು ಬರೋದು. ನಿಮ್ಮ ಮನೇಲಿ ಕಮ್ಮಿಯಾಗೋದಕ್ಕೆ ಏನೂ ಇಲ್ವಲ್ಲ."

ಅವಳು ಲೋಟ ತೊಳೆದಿಡಲು ಹೋದಳು, ಒಳ್ಳೆಯ ಹುಡುಗಿ. ನಾನು ಬೇಡವೆಂದೆ. ನನ್ನ ಮನೆಯಿಂದ ಇಳಿದವಳು ನೇರ ಅಕ್ಕನ ಮನೆಗೆ ಹೋದಳು. ಸಂದಿಯಿಂದ ಆ ಹುಡುಗಿಯ ಕೆಮ್ಮು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಣ್ಣುಮೂಗು ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಅವಳ ಮುಖದಲ್ಲಿ ಹುಡುಕುತ್ತಿದ್ದದ್ದು ಸಿಕ್ಕಿದ ಸಂತೋಷವಿತ್ತು.

ಊರಿನ ಎಷ್ಟೋ ಮನೆಗಳಿಗೆ ಒಲೆ ಬಂತು. ತನ್ನ ಒಲೆ ಬಂದ ದಿನ ಅಕ್ಕ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ಮೊಣಕಾಲೆತ್ತರದ ಗುಂಡನೆಯ ಸ್ಟೀಲಿನ ಒಲೆ, ಪಕ್ಕದಲ್ಲಿ ಕಡ್ಡಿ ತುರುಕುವ ಕಿಂಡಿ. ಬಾಗಿಲ ಚೌಕಟ್ಟಿಗೆ ಕಂಪನಿಯವರ ಹಸಿರು ಸ್ಟಿಕರ್ ಅಂಟಿತು. ನಾನು ಎಷ್ಟು ವರ್ಷ ಕಟ್ಟಿಕೊಡುತ್ತೇನೆಂದರೂ ಬೇಡವೆಂದವಳು ಈಗ ಸೆರಗಿನಿಂದ ಆ ಒಲೆ ಒರೆಸುತ್ತಿದ್ದಳು.

"ಸೊಳ್ಳೆಗೇನು ಮಾಡ್ತೀಯಕ್ಕ ಈಗ?" ಎಂದು ಕೇಳಿದೆ.

"ಬತ್ತಿ ಅಚ್ಕತೀನಿ ಬುಡು" ಎಂದಳು, ಅದರಲ್ಲೇನೂ ಕೊಂಕು ಕಾಣದೆ.

ಆ ಮೇಲೆ ನಾನು ಫೋನಿನಲ್ಲಿ ಓದಿಕೊಂಡೆ. ದೂರದ ಯಾವುದೋ ಊರಿನಲ್ಲಿ ವಿಮಾನ ಹಾರಿಸುವವರು, ಕಾರ್ಖಾನೆ ನಡೆಸುವವರು ತಾವು ಬಿಡುವ ಹೊಗೆಯನ್ನು ಬಿಡುತ್ತಲೇ ಇರುತ್ತಾರೆ. ಅದಕ್ಕೆ ಬದಲಾಗಿ ಇನ್ನೆಲ್ಲೋ ಹೊಗೆ ಕಡಿಮೆ ಮಾಡಿದವರಿಂದ ಆ ಕಡಿಮೆಯಾದ ಲೆಕ್ಕವನ್ನು ಕೊಂಡುಕೊಳ್ಳುತ್ತಾರೆ. ನಡುವೆ ಕಂಪನಿ ಒಲೆ ಹಂಚುತ್ತದೆ, ಲೆಕ್ಕ ಹಾಕುತ್ತದೆ, ಮಾರುತ್ತದೆ. ಅಕ್ಕನ ಅಡುಗೆಮನೆಯಲ್ಲಿ ಏಳದೆ ಹೋದ ಹೊಗೆಗೆ ಬೆಲೆ ಬಂದಿತ್ತು. ನನ್ನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಏಳದೆ ಹೋದ ಹೊಗೆ ಯಾರ ಲೆಕ್ಕಕ್ಕೂ ಸಿಗಲಿಲ್ಲ. ಓದಿ ಮುಗಿಸಿದ ಮೇಲೆ ಹೊಟ್ಟೆಯುರಿ ಕಡಿಮೆಯಾಗುವುದಿರಲಿ, ಅದಕ್ಕೊಂದು ಕಾರಣವೂ ಸಿಕ್ಕಂತಾಯಿತು.

ಅದಾದ ಮೇಲೆ ಜನ ಬರುವುದು ಶುರುವಾಯಿತು. ಕಾರಿನಲ್ಲಿ ಬರುವವರು, ಕ್ಯಾಮೆರಾ ತರುವವರು. ಒಮ್ಮೆ ಬಿಳಿಯರೇ ಇಬ್ಬರು ಬಂದು ಅಕ್ಕನ ಅಡುಗೆಮನೆಯ ನೆಲದ ಮೇಲೆ ಕೂತು ಚಹಾ ಕುಡಿದರು. ನನಗೆ ಇಂಗ್ಲಿಷ್ ಬರುತ್ತದೆ, ಅಕ್ಕನಿಗೆ ಬರುವುದಿಲ್ಲ. ಆದರೂ ನನ್ನನ್ನು ಯಾರೂ ಕರೆಯಲಿಲ್ಲ. ಅವರಲ್ಲೊಬ್ಬಳು ನನ್ನ ಮನೆಯೊಳಗೆ ಇಣುಕಿದಳು, ಸುಣ್ಣ ಬಳಿದ ಗೋಡೆ ನೋಡಿ ಕ್ಯಾಮೆರಾ ಕೆಳಗಿಳಿಸಿ ಹೋದಳು. ಅಕ್ಕನ ಹಿಂದಿನ ಮಸಿ ಹಿಡಿದ ಗೋಡೆಯೇ ಅವರಿಗೆ ಬೇಕಾಗಿತ್ತು. ಮೊದಲು ಹೀಗಿತ್ತು, ಈಗ ಹೀಗಿದೆ ಎಂದು ತೋರಿಸುವುದಕ್ಕೆ ಮಸಿ ಬೇಕಲ್ಲ. ಕಂಪನಿಯವರು ಅವಳಿಗೆ ಗೋಡೆ ಸುಣ್ಣ ಹೊಡೆಸಬೇಡಿ ಎಂದೇ ಹೇಳಿದ್ದರಂತೆ.

ವರ್ಷಕ್ಕೊಮ್ಮೆ ಬರುವ ದುಡ್ಡಿಗೆ ಊರಿನಲ್ಲಿ ಹೊಗೆ ದುಡ್ಡು ಎಂದು ಹೆಸರಾಯಿತು. ದೊಡ್ಡ ದುಡ್ಡೇನಲ್ಲ. ಮೊದಲ ವರ್ಷದ್ದರಲ್ಲಿ ಅಕ್ಕ ಒಂದು ಗೋಡೆ ಗಡಿಯಾರ ತಂದಳು. ಅದು ಗಂಟೆಗೊಮ್ಮೆ ಹಕ್ಕಿಯ ಹಾಗೆ ಕೂಗುತ್ತಿತ್ತು. ಅವಳ ಅಡುಗೆಮನೆಯಲ್ಲಿ ಹಕ್ಕಿ ಕೂಗಿದಾಗಲೆಲ್ಲ ಸಂದಿಯಿಂದ ನನಗೂ ಗಂಟೆ ಗೊತ್ತಾಗುತ್ತಿತ್ತು. ಕ್ಯಾಲೆಂಡರ್ ಬಂದದ್ದು ಅದೇ ವರ್ಷ.

ನನ್ನ ಗಂಡನಿಗೆ ಇದೆಲ್ಲ ತಿಳಿಯುತ್ತಿರಲಿಲ್ಲ ಎಂದಲ್ಲ. "ಅವ್ರಿಗೆ ಬಂದ್ರೆ ನಮ್ಮನೆಗೇ ಬಂದಂಗೆ ತಾನೆ" ಎಂದ ಒಂದು ದಿನ, ಮುದ್ದೆ ಮುರಿಯುತ್ತಾ.

"ಹಾಗಾದ್ರೆ ಪಾಲಾಗಿದ್ದು ಯಾಕೆ?" ಎಂದೆ. ಅವನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನನ್ನ ಮೂಗಿಗೆ ಹೊಗೆ ವಾಸನೆ ಬಡಿಯಿತು. ಸಂದಿಯಿಂದಲ್ಲ, ಹಿತ್ತಿಲ ಕಡೆಯಿಂದ. ಹಿತ್ತಿಲ ಬಾಗಿಲು ತೆರೆದು ನೋಡಿದೆ. ಅಕ್ಕ ಹುಲ್ಲಿನ ಮೆದೆಯ ಮರೆಯಲ್ಲಿ ಮತ್ತೆ ಮೂರು ಕಲ್ಲು ಹೂಡಿಕೊಂಡು ಮುದ್ದೆಗೆ ಎಸರಿಟ್ಟಿದ್ದಳು. ನನ್ನನ್ನು ನೋಡಲಿಲ್ಲ. ನಾನು ಬಾಗಿಲು ಮೆಲ್ಲಗೆ ಮುಚ್ಚಿದೆ. ಆ ದಿನ ನನಗೆ ಆದ ಸಂತೋಷವನ್ನು ಮುಚ್ಚಿಡುವುದೇಕೆ, ಹೋಳಿಗೆ ಮಾಡಿದೆ. ಹಬ್ಬವಲ್ಲ, ಹುಣ್ಣಿಮೆಯಲ್ಲ. ಮಕ್ಕಳು ಯಾಕೆಂದು ಕೇಳಲಿಲ್ಲ, ತಿಂದರು.

ಕಾರಣ ನನಗೆ ಮೊದಲೇ ಗೊತ್ತಿತ್ತು. ಆ ಸ್ಟೀಲಿನ ಒಲೆ ಅನ್ನಕ್ಕೆ ಸರಿ, ಸಾರಿಗೆ ಸರಿ. ಮುದ್ದೆ ಎಂದರೆ ದೊಡ್ಡ ಪಾತ್ರೆ ಇಟ್ಟು, ದೊಣ್ಣೆ ಹಾಕಿ, ಮೈಯ ಬಲವೆಲ್ಲ ಬಿಟ್ಟು ತೊಳಸಬೇಕು. ಒಲೆ ನೆಲಕ್ಕೆ ಕಚ್ಚಿಕೊಂಡಿರಬೇಕು. ಇದು ಎತ್ತರದ್ದು, ಹಗುರ, ತೊಳಸಿದರೆ ಓಲಾಡುತ್ತದೆ. ಒಲೆ ಮಾಡಿದವರ ಊರಿನಲ್ಲಿ ಮುದ್ದೆ ಉಣ್ಣುವವರು ಇರಲಿಲ್ಲವೇನೋ. ನಾನು ಕಾಯುತ್ತಿದ್ದೆ. ಯಾರಾದರೂ ಬಂದು ನನ್ನನ್ನು ಕೇಳಲಿ, ಪಕ್ಕದ ಮನೆಯವಳು ನೀನು, ಅವಳು ದಿನಾ ಒಲೆ ಉರಿಸುತ್ತಾಳಾ ಎಂದು ಕೇಳಲಿ ಎಂದು ಕಾಯುತ್ತಿದ್ದೆ.

ಯಾರೂ ಕೇಳಲಿಲ್ಲ. ಬದಲಿಗೆ ತಪಾಸಣೆಯವರೇ ಬಂದರು. ಕಂಪನಿಯ ಲೆಕ್ಕ ನಿಜವೋ ಸುಳ್ಳೋ ಎಂದು ನೋಡಲು ಬೇರೆ ಕಡೆಯಿಂದ ಕಳಿಸಿದ ಒಬ್ಬ ಹೆಂಗಸು, ಜೊತೆಗೆ ಮಾತು ತಿಳಿಸಲು ಗುತ್ತಲಿನ ಹುಡುಗಿ. ತಪಾಸಣೆಯ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ, ಮುಖದಲ್ಲಿ ಮಾತ್ರ ತುಂಬಾ ತಾಳ್ಮೆ ಇತ್ತು. ಊರಿನ ಹೆಂಗಸರು ಅಕ್ಕನ ಬಾಗಿಲಲ್ಲಿ ಗುಂಪಾದರು. ನಾನೂ ಹೋಗಿ ಹೊಸ್ತಿಲ ಬಳಿ ನಿಂತೆ.

"ನೀವು ದಿನಾ ಏನು ಊಟ ಮಾಡ್ತೀರಿ ಅಂತ ಕೇಳ್ತಿದಾರೆ" ಎಂದಳು ಹುಡುಗಿ.

"ಇಟ್ಟು" ಎಂದಳು ಅಕ್ಕ. "ಇನ್ನೇನು ಉಣ್ತಾರೆ?"

"ಹಾಗಾದ್ರೆ ಆ ಮುದ್ದೆನೇ ಈ ಒಲೆ ಮೇಲೆ ಮಾಡಿ ತೋರಿಸಬೇಕಂತೆ."

ಅಕ್ಕ ಒಂದು ಕ್ಷಣ ನನ್ನ ಕಡೆ ನೋಡಿದಳು. ಯಾಕೆ ನನ್ನ ಕಡೆಯೇ ನೋಡಿದಳೋ. ಆಮೇಲೆ ಪಾತ್ರೆ ಇಟ್ಟಳು. ರೇಷ್ಮೆಕಡ್ಡಿ ತುರುಕಿ ಹಚ್ಚಿದಳು, ಹೊಗೆಯಿಲ್ಲದೆ ಚೆನ್ನಾಗಿಯೇ ಉರಿಯಿತು. ಎಸರು ಕುದಿಯಿತು, ಹಿಟ್ಟು ಹಾಕಿದಳು, ಬೆಂದಿತು. ತಪಾಸಣೆಯವಳು ತಲೆಯಾಡಿಸುತ್ತಾ ನೋಡುತ್ತಿದ್ದಳು. ಅಕ್ಕ ದೊಣ್ಣೆ ಹಿಡಿದು ತೊಳಸಲು ಶುರುಮಾಡಿದಳು. ಮೊದಲ ಸುತ್ತಿಗೇ ಒಲೆ ಅಲುಗಿತು. ಎಡಗೈಯಲ್ಲಿ ಬಟ್ಟೆ ಸುತ್ತಿಕೊಂಡು ಪಾತ್ರೆಯ ಅಂಚು ಹಿಡಿದಳು. ಮತ್ತೆ ತೊಳಸಿದಳು. ಒಲೆಯ ಒಂದು ಕಾಲು ನೆಲದಿಂದ ಎದ್ದಿತು, ಕುದಿಯುವ ಹಿಟ್ಟಿನ ಪಾತ್ರೆ ಅವಳ ಕಾಲ ಮೇಲೆಯೇ ವಾಲಿತು.

ನಾನು ಹೇಗೆ ಒಳಗೆ ಹೋದೆನೋ ನನಗೆ ನೆನಪಿಲ್ಲ. ಹೋದದ್ದಂತೂ ಹೌದು. ಸೆರಗಿನಲ್ಲೇ ಪಾತ್ರೆಯ ಅಂಚು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದೆ. ಬೆರಳು ಚುರುಗುಟ್ಟಿತು.

"ಇಡ್ಕೊ, ಬುಡಬ್ಯಾಡ" ಎಂದಳು ಅಕ್ಕ ಕೆಳದನಿಯಲ್ಲಿ.

"ಹಿಡ್ಕೊಂಡಿದ್ದೀನಿ, ತೊಳಸು" ಎಂದೆ.

ಅವಳು ತೊಳಸಿದಳು, ನಾನು ಹಿಡಿದುಕೊಂಡೆ. ಪಾಲಾದ ಮೇಲೆ ನಾವಿಬ್ಬರೂ ಒಂದೇ ಪಾತ್ರೆ ಮುಟ್ಟಿದ್ದು ಅದೇ ಮೊದಲು. ಮುದ್ದೆ ಗಂಟಿಲ್ಲದೆ ಬಂತು. ತಪಾಸಣೆಯವಳು ಏನೋ ಕೇಳಿದಳು. ಹುಡುಗಿ ತಿಳಿಸಿದಳು: "ದಿನಾ ಇಬ್ಬರು ಸೇರಿ ಮಾಡ್ತೀರಾ ಅಂತ."

ನನ್ನ ನಾಲಿಗೆಯ ತುದಿಯಲ್ಲಿ ಮಾತು ಇತ್ತು. ಇಷ್ಟು ದಿನ ಕಾದದ್ದು ಆ ಮಾತು ಆಡುವುದಕ್ಕೇ. ಆದರೆ ಅಕ್ಕ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ತಾನೇ ಹೇಳಿಬಿಟ್ಟಳು.

"ಇಲ್ಲ ಕಣವ್ವ. ನಾನು ಇಟ್ಟು ಇದ್ರಲ್ಲಿ ಮಾಡಾಕಿಲ್ಲ. ಅನ್ನ ಸಾರು ಮಾಡ್ತೀನಿ. ಇಟ್ಟು ಇತ್ಲಲ್ಲಿ ಮೂರು ಕಲ್ಲು ಮಡೀಕಂಡು ಮಾಡ್ತೀನಿ. ಊರ್ನೋರೆಲ್ಲ ಅಂಗೇ ಮಾಡ್ತಾರೆ. ಏಳ್ಬುಡು ಅವ್ರಿಗೆ."

ಬಾಗಿಲಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಮೆಲ್ಲಗೆ ಜಾಗ ಖಾಲಿ ಮಾಡಿದಳು.

ಆ ವರ್ಷ ನಮ್ಮೂರಿನ ಯಾರಿಗೂ ಹೊಗೆ ದುಡ್ಡು ಬರಲಿಲ್ಲ. ಲೆಕ್ಕ ಮತ್ತೆ ಮಾಡಬೇಕು ಎಂದು ಕಂಪನಿಯವರು ತಡೆಹಿಡಿದರು. ಊರಿನ ಹೆಂಗಸರ ಸಿಟ್ಟೆಲ್ಲ ಅಕ್ಕನ ಮೇಲೆ ತಿರುಗಿತು. ಡೈರಿಯಲ್ಲಿ ಅವಳ ಪಕ್ಕ ನಿಲ್ಲುವವರು ಕಡಿಮೆಯಾದರು. ಯಾರೋ ಕ್ಯಾಲೆಂಡರನ್ನು ಗೋಡೆಗೆ ಮುಖಮಾಡಿ ತಿರುಗಿಸಿ ಹಾಕಿದರು ಎಂದು ನನ್ನ ಗಂಡ ಬಂದು ಹೇಳಿದ. ಮಾರನೆಯ ಬೆಳಿಗ್ಗೆ ನಾನೇ ಕ್ಯಾನು ಹಿಡಿದು ಹೊರಟೆ.

"ಮಂಡಿ ವಾಸಿಯಾಯ್ತಾ?" ಎಂದ.

"ಪರವಾಗಿಲ್ಲ ಈಗ" ಎಂದೆ.

ನನ್ನ ಸುಖ ಎರಡು ವಾರವೂ ಬಾಳಲಿಲ್ಲ. ಮಳವಳ್ಳಿಯಲ್ಲಿ ಒಲೆ ಪಡೆದ ಹೆಂಗಸರದೊಂದು ಸಭೆ ಇದೆ, ಮದ್ದೂರು, ಮಂಡ್ಯ ಕಡೆಯವರೂ ಬರುತ್ತಾರೆ, ನಿಮ್ಮ ವಾರಗಿತ್ತಿ ಬಂದು ಮಾತಾಡಬೇಕಂತೆ ಎಂದು ಗುತ್ತಲಿನ ಹುಡುಗಿ ಬಂದು ಹೇಳಿದಳು. ತಪಾಸಣೆಯವಳು ತನ್ನ ವರದಿಯಲ್ಲಿ ಅಕ್ಕನನ್ನು ಹೊಗಳಿದ್ದಳಂತೆ. ಇಷ್ಟು ಮನೆ ನೋಡಿದರೂ ಇದ್ದದ್ದನ್ನು ಇದ್ದಹಾಗೆ ಹೇಳಿದವಳು ಇವಳೊಬ್ಬಳೇ ಎಂದು. ಒಲೆ ಉರಿಸಿದ್ದಕ್ಕೂ ಅವಳೇ ಮುಂದೆ, ಉರಿಸಲಿಲ್ಲ ಎಂದದ್ದಕ್ಕೂ ಅವಳೇ ಮುಂದೆ. ನನಗೆ ಅಳು ಬರುವುದೊಂದು ಬಾಕಿ.

ಸಾಯಂಕಾಲ ಅಕ್ಕ ನನ್ನ ಅಡುಗೆಮನೆಗೆ ಬಂದಳು. ಬರುವುದೇ ಅಪರೂಪ.

"ನೀನೂ ಬಾ ಮಳವಳ್ಳಿಗೆ" ಎಂದಳು. "ಓದಿರೋಳು. ಅಲ್ಲಿ ಅವ್ರು ಏನೇನೋ ಕೇಳಿದ್ರೆ ನಂಗೊತ್ತಾಗಾಕಿಲ್ಲ."

"ನಾನು ಒಲೆ ಪಡೆದವಳಲ್ಲ."

"ಅದ್ಕೇ ಬಾ ಅಂದಿದ್ದು. ನೀ ಕೇಳಬೇಕಾದ್ದು ಐತಲ್ಲ. ಎರಡು ವರ್ಸದಿಂದ ಮುಕ ಗಂಟಾಕ್ಕೊಂಡೇ ಇದ್ದೀಯ, ನಾ ಕಂಡಿಲ್ವಾ. ಬಂದು ಅವ್ರನ್ನೇ ಕೇಳು."

ಒಲೆಯ ಬೂದಿ ಎಳೆಯುತ್ತಾ ಆಯಿತು ಎಂದೆ.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿಗೆ ಹೋದೆವು. ಅಕ್ಕ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಕಬ್ಬಿನ ಗದ್ದೆ ನೋಡಿಕೊಂಡು ಬಂದಳು, ಸಭೆಯಲ್ಲಿ ಮಾತಾಡಬೇಕಾದ ಹೆದರಿಕೆ ಒಂದಿಷ್ಟೂ ಇರಲಿಲ್ಲ. ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿ ಕೆಡಿಸಿ ಜೋಡಿಸುತ್ತಿದ್ದೆ.

ಸಮುದಾಯ ಭವನ ತುಂಬಿತ್ತು. ವೇದಿಕೆಯ ಮೇಲೆ ಕಂಪನಿಯ ವ್ಯವಸ್ಥಾಪಕ, ಇನ್ನೂ ಇಬ್ಬರು. ಅಕ್ಕನನ್ನು ಮೈಕಿನ ಮುಂದೆ ನಿಲ್ಲಿಸಿದರು. ಅವಳು ಭಾಷಣ ಮಾಡಲಿಲ್ಲ. ಮುದ್ದೆ ತೊಳಸುವಾಗ ಒಲೆ ಹೇಗೆ ಕುಣಿಯಿತು ಎಂಬುದನ್ನು ದೊಣ್ಣೆ ಹಿಡಿದವಳ ಹಾಗೆ ಕೈ ಆಡಿಸಿ ತೋರಿಸಿದಳು, ಅಷ್ಟೇ. ಇಡೀ ಭವನ ನಕ್ಕಿತು. ಹಿಂದಿನ ಸಾಲಿನಿಂದ ಹೆಂಗಸರು "ನಮ್ದೂ ಅಂಗೇ ಕಣಕ್ಕ", "ನಮ್ಮಟ್ಟೀಲಿ ಸಾರೇ ಚೆಲ್ಲೋಯ್ತು" ಎಂದು ಹೇಳತೊಡಗಿದರು. ವ್ಯವಸ್ಥಾಪಕ ಬರೆದುಕೊಂಡ.

ಆಮೇಲೆ ಪ್ರಶ್ನೆ ಇದ್ದರೆ ಕೇಳಿ ಎಂದರು. ನಾನು ಎದ್ದು ನಿಂತೆ. ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು. ನಾವು ಪಾಲಾದಾಗಿನಿಂದ ನಾನು ಚಿಮಣಿ ಒಲೆಯಲ್ಲಿ ಅಡುಗೆ ಮಾಡುತ್ತಿದ್ದೇನೆ, ಬೇರೆ ಮನೆಗಳಿಗೂ ಕಟ್ಟಿಕೊಟ್ಟಿದ್ದೇನೆ, ಅರ್ಧ ಸೌದೆ ಉಳಿಸಿದ್ದೇನೆ. ನಮ್ಮಂಥವರ ಪಾಲು ಎಲ್ಲಿ ಎಂದು ಕೇಳಿದೆ.

"ಮೇಡಂ, ನೀವು ಮಾಡಿರೋದು ತುಂಬಾ ಒಳ್ಳೇದು" ಎಂದ ಅವನು. "ಆದರೆ ಮೊದಲೇ ಆಗಿಹೋಗಿರೋದಕ್ಕೆ ಕೊಳ್ಳೋರು ದುಡ್ಡು ಕೊಡಲ್ಲ. ನಮ್ಮಿಂದ ಹೊಸದಾಗಿ ಕಡಿಮೆಯಾಗಿದ್ದಕ್ಕೆ ಮಾತ್ರ ಕೊಡ್ತಾರೆ. ನಿಯಮ ನಾವು ಮಾಡಿದ್ದಲ್ಲ."

"ಹಾಗಾದರೆ ನಾಳೆ ನನ್ನ ಒಲೆ ಒಡೆದುಹಾಕಿ ಮೂರು ಕಲ್ಲು ಹೂಡಿಕೊಂಡರೆ ನಾನು ನಿಮ್ಮ ಲೆಕ್ಕಕ್ಕೆ ಬರ್ತೀನಾ?"

ಅವನು ನಗಲಿಲ್ಲ. ಪಕ್ಕದವನನ್ನು ನೋಡಿ, "ದಯವಿಟ್ಟು ಹಾಗೆ ಮಾಡಬೇಡಿ" ಎಂದ. ಬರುವುದಿಲ್ಲ ಎಂದು ಹೇಳಲಿಲ್ಲ ಎಂಬುದು ನನಗೆ ಕೂತ ಮೇಲೆ ಹೊಳೆಯಿತು.

ಮಳವಳ್ಳಿ ಕಡೆಯ ವಯಸ್ಸಾದ ಹೆಂಗಸೊಬ್ಬಳು ನನ್ನ ಹಿಂದೆಯೇ ಎದ್ದಳು. ನಮ್ಮ ಹೊಗೆಯನ್ನು ನೀವು ಎಷ್ಟಕ್ಕೆ ಮಾರುತ್ತೀರಿ, ನಮಗೆ ಬರುವುದು ಅದರಲ್ಲಿ ಎಷ್ಟನೇ ಪಾಲು ಎಂದು ಕೇಳಿದಳು. ಒಲೆಯ ಖರ್ಚು ಮೊದಲು ಕಳೆಯಬೇಕು, ತಪಾಸಣೆಯವರಿಗೆ ಕೊಡಬೇಕು, ಮಾರಿಸಿಕೊಡುವವರಿಗೆ ಕೊಡಬೇಕು ಎಂದು ಅವನು ಒಂದೊಂದಾಗಿ ಹೇಳುತ್ತಾ ಹೋದ. ಅವನೇನೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಹೇಳುತ್ತಾ ಹೇಳುತ್ತಾ ಅವನ ದನಿಯೂ ನನ್ನದರ ಹಾಗೆ ತೆಳ್ಳಗಾಯಿತು.

"ಎಲ್ರಿಗೂ ಕೊಟ್ಟು ಉಳಿದ್ರೆ ನಮ್ಗೆ" ಎಂದಳು ಆ ಹೆಂಗಸು. "ಒಲೆ ಮುಂದೆ ಕೂರೋರಿಗೆ ಕಡೆಗೆ. ಇದು ಎಲ್ಲಿ ನ್ಯಾಯ ಸ್ವಾಮಿ, ನೀವೇ ಏಳಿ."

ಭವನದಲ್ಲಿ ಗದ್ದಲವಾಯಿತು. ಆ ಗದ್ದಲದ ನಡುವೆ ಅಕ್ಕ ತಾನಾಗಿ ಮತ್ತೆ ಮೈಕಿನ ಹತ್ತಿರ ಹೋದಳು.

"ನಮ್ ತಂಗಿ ಕೇಳಿದ್ದಕ್ಕೆ ಸರಿಯಾಗಿ ಜವಾಬು ಬರ್ಲಿಲ್ಲ" ಎಂದಳು. "ಅವ್ಳು ನಂಗೂ ಒಲೆ ಕಟ್ಕೊಡ್ತೀನಿ ಅಂತ ಸ್ಯಾನೆ ಸಲ ಬಂದ್ಲು. ನಾನೇ ಬ್ಯಾಡ ಅಂದೆ. ಅವತ್ತು ಊಂ ಅಂದಿದ್ರೆ ನಂಗೂ ಇವತ್ತು ಏನೂ ಬತ್ತಿರಲಿಲ್ಲ. ಮಾತು ಕೇಳ್ದೋರಿಗೆ ಇಲ್ಲ, ಕೇಳದೆ ಇದ್ದೋರಿಗೆ ಐತೆ. ಇದನ್ನ ನೀವು ಸರಿ ಮಾಡ್ಬೇಕು."

ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು ನನ್ನ ತೋಳು ಮುಟ್ಟಿ, "ಇಂಥ ವಾರಗಿತ್ತಿ ಯಾರಿಗೆ ಸಿಕ್ತಾಳೆ ಬುಡವ್ವ" ಎಂದಳು. ಅಕ್ಕ ಆಡಿದ್ದು ನನ್ನ ಪರವಾಗಿ. ನಾನು ಆಡಬೇಕಾಗಿದ್ದ ಮಾತೇ ಅದು. ಬಸ್ಸಿನಲ್ಲಿ ಬರುವಾಗ ಎಷ್ಟೋ ಸಲ ಜೋಡಿಸಿದ್ದೆ, ಇಷ್ಟು ನೇರವಾಗಿ ಬಂದಿರಲಿಲ್ಲ. ಚಪ್ಪಾಳೆ ಮುಗಿಯುವವರೆಗೆ ನಾನು ನನ್ನ ಚಪ್ಪಲಿಯ ಉಂಗುಷ್ಟ ನೋಡುತ್ತಾ ಕೂತಿದ್ದೆ.

ಸಭೆಯಿಂದ ಏನೂ ಆಗಲಿಲ್ಲ ಎನ್ನುವಂತಿಲ್ಲ. ಕೆಲವು ತಿಂಗಳಲ್ಲಿ ಒಲೆಗಳಿಗೆ ಅಗಲವಾದ ಕಬ್ಬಿಣದ ಅಡ್ಡಣಿಗೆ ಬಂತು. ಅದರ ಮೇಲೆ ಕೂರಿಸಿದರೆ ಮುದ್ದೆ ತೊಳಸಿದರೂ ಅಲುಗುವುದಿಲ್ಲ. ಕೆಟ್ಟ ಒಲೆ ರಿಪೇರಿಗೆ ಮದ್ದೂರಿನಲ್ಲಿ ಒಂದು ಅಂಗಡಿ ಗೊತ್ತುಮಾಡಿದರು. ತಡೆಹಿಡಿದ ದುಡ್ಡು ಬಂತು, ಪಾಲೂ ಸ್ವಲ್ಪ ಹೆಚ್ಚಾಯಿತು. ಯಾರ್ಯಾರಿಗೆ ಎಷ್ಟೆಷ್ಟು ಭಾಗ ಎಂದು ಪಂಚಾಯಿತಿ ಗೋಡೆಯ ಮೇಲೆ ಬರೆಸಿದರು. ನಮ್ಮಂಥ ಮೊದಲೇ ಉಳಿಸಿದ ಮನೆಗಳಿಗೆ ಒಂದು ಪ್ರಶಂಸಾಪತ್ರ ಬಂತು, ಇಂಗ್ಲಿಷಿನಲ್ಲಿ. ನನ್ನ ಹೆಸರು ತಪ್ಪಾಗಿತ್ತು. ನನ್ನ ಗಂಡ ಅದಕ್ಕೆ ಫ್ರೇಮು ಹಾಕಿಸೋಣವೇ ಎಂದು ಕೇಳಿದ. ನಾನು ಅವನ ಮುಖ ನೋಡಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಹೋದ ವರ್ಷ ಇನ್ನೊಂದು ಕಂಪನಿ ಬಂತು. ಈ ಸಲ ಕರೆಂಟು ಒಲೆ. ಸೌದೆಯೇ ಬೇಡ, ಗಾಜಿನ ಹಾಗೆ ನುಣುಪಾದ ಹಲಗೆ. ಗುಂಡಿ ಒತ್ತಿದರೆ ನೀರು ಕುದಿಯುತ್ತದೆ. ಇದಕ್ಕೂ ಹೊಗೆ ದುಡ್ಡಿನದೇ ಲೆಕ್ಕ. ಈ ಸಲವಾದರೂ ನನ್ನದಾಗುತ್ತದೆ ಎಂದುಕೊಂಡೆ. ಬಂದವನು ಕರೆಂಟು ಬಿಲ್ಲು ಕೇಳಿದ. ನಮ್ಮೆರಡು ಮನೆಗೂ ಮೀಟರು ಒಂದೇ, ಇವತ್ತಿಗೂ ಮಾವನ ಹೆಸರಿನಲ್ಲೇ ಇದೆ. ಪಾಲಾದಾಗ ಗೋಡೆ ಎಬ್ಬಿಸಿದರೇ ಹೊರತು ಮೀಟರು ಬೇರೆ ಮಾಡಿಸಲಿಲ್ಲ. ಅವನು ಫೋನು ನೋಡಿ, ಈ ಮೀಟರಿನ ಮನೆಗೆ ಇನ್ನೊಂದು ಯೋಜನೆಯಲ್ಲಿ ಈಗಾಗಲೇ ಒಲೆ ಕೊಟ್ಟಾಗಿದೆ, ಒಂದೇ ಮನೆಯ ಹೊಗೆಯನ್ನು ಎರಡು ಸಲ ಮಾರುವ ಹಾಗಿಲ್ಲ ಎಂದ. ಅಕ್ಕನಿಗೂ ಇಲ್ಲ, ಅಕ್ಕನ ದೆಸೆಯಿಂದ ನನಗೂ ಇಲ್ಲ. ಕೊಟ್ಟದ್ದು ನಮ್ಮೆದುರು ಮನೆಗೆ. ಹಿಂದಿನ ಸಲ ಅವರು ಊರಲ್ಲಿರಲಿಲ್ಲ, ಹಾಗಾಗಿ ಯಾವ ಲೆಕ್ಕದಲ್ಲೂ ಸೇರಿರಲಿಲ್ಲ.

ಆ ಸಂಜೆ ಅಕ್ಕ ಬಂದು ನನ್ನ ಜಗಲಿಯಲ್ಲಿ ಕೂತಳು. ಎದುರು ಮನೆಯ ಬಾಗಿಲಿಗೆ ಹೊಸ ಸ್ಟಿಕರ್ ಅಂಟಿಸುತ್ತಿದ್ದರು.

"ನೋಡ್ದಾ" ಎಂದಳು. "ಅವ್ಳಿಗೆ ಕೊಟ್ಟವ್ರೆ. ಅವ್ಳು ಒಲೆ ಮುಂದೆ ಕೂತಿದ್ದು ಯಾವತ್ತು? ಅಟ್ಟೀಲಿ ಗ್ಯಾಸೇ ಎರಡವೆ."

ಅವಳ ದನಿಯಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಬಾಯಲ್ಲಿ ಕೇಳಿದಾಗ ಎಷ್ಟು ಹಿತವಾಗಿರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ನಾನು ಜರುಗಿ ಅವಳಿಗೆ ಜಾಗ ಮಾಡಿದೆ.

"ನಿಯಮ ಅಂತೆ ಅಕ್ಕ."

"ಏನ್ ನಿಯಮವೋ. ನೋಡು, ಇನ್ನ ಅವ್ಳ್ನೇ ಪೋಟೋ ತೆಗೀತಾರೆ."

"ತೆಗೀತಾರೆ."

ಆ ಹೊತ್ತಿಗೆ ಎದುರು ಮನೆಯವಳೇ ಹೊರಗೆ ಬಂದು, ಹೊಸ ಒಲೆಯಲ್ಲಿ ಮೊದಲ ಕಾಫಿ ಕಾಯಿಸುತ್ತೇನೆ, ಇಬ್ಬರೂ ಬನ್ನಿ ಎಂದು ಕರೆದಳು. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೋದೆವು. ಹಾಲು ಕಣ್ಣುಮಿಟುಕಿಸುವಷ್ಟರಲ್ಲಿ ಉಕ್ಕಿತು. ಅವಳು ಗುಂಡಿ ಒತ್ತಿ ನಿಲ್ಲಿಸಿದಳು, ಹಲಗೆಯನ್ನು ಬಟ್ಟೆಯಲ್ಲಿ ಒಮ್ಮೆ ಒರೆಸಿದಳು, ಅಷ್ಟೇ ಕೆಲಸ. ಅಕ್ಕ ಎಲ್ಲವನ್ನೂ ಕಣ್ಣು ಕೀಳದೆ ನೋಡಿದಳು. ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ, ಬೀದಿ ದಾಟಿದೆವು.

"ಕಾಪಿ ಸಪ್ಪೆ ಇತ್ತು ಅಲ್ವಾ?" ಎಂದಳು ಅಕ್ಕ, ನಮ್ಮ ಜಗಲಿ ಹತ್ತುತ್ತಾ.

"ಸಪ್ಪೆ ಇತ್ತು" ಎಂದೆ.

ಕಾಫಿ ಚೆನ್ನಾಗಿಯೇ ಇತ್ತು.